ಮೀನುಗಳ ಬಿಳಿಚುಕ್ಕೆ ರೋಗವೂ ಅದರ ಚಿಕಿತ್ಸೆಯೂ

ಮನೆಯಲ್ಲಿ ಗಾಜಿನ ತೊಟ್ಟಿಯನ್ನಿಟ್ಟು ಬಣ್ಣಬಣ್ಣದ ಮೀನುಗಳನ್ನು ಸಾಕುವ ಪದ್ಧತಿಯು ನಮ್ಮ ಪಟ್ಟಣಗಳಲ್ಲಿ ಈಗ ಬಹಳವಾಗಿ ಹಬ್ಬಿರುತ್ತದೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿದ್ದು, ಮಕ್ಕಳ ಒತ್ತಾಯಕ್ಕೆ ಸೋತು ಇಂಥ ತೊಟ್ಟಿಗಳನ್ನು ಮನೆಗೆ ತಂದವರೇ ಆಗಿರಬಹುದು. ಮಕ್ಕಳು ಮೀನುಗಳಿಗೆ ಹೆಸರಿಡುತ್ತಾರೆ. ಬೆಳಿಗ್ಗೆ ಎದ್ದೊಡನೆ ಅವುಗಳಿಗೆ ಆಹಾರ ಹಾಕುತ್ತಾರೆ. ಹೀಗಿರಲಾಗಿ ಒಂದು ದಿನ ಮೀನಿನ ಬಾಲದ ಮೇಲೆ ಉಪ್ಪಿನ ಸಣ್ಣ ಹರಳುಗಳನ್ನು ಉದುರಿಸಿದಂತೆ ಬಿಳಿಯ ಚುಕ್ಕೆಗಳು ಕಾಣುತ್ತವೆ. ಅಂಗಡಿಯಿಂದ ಔಷಧವನ್ನು ತಂದು ಹಾಕಿದ ಎರಡು ಮೂರು ದಿನಗಳಲ್ಲಿ ಚುಕ್ಕೆಗಳು ಮಾಯವಾಗುತ್ತವೆ. ಮನೆಯವರು ಸಂತೋಷಪಟ್ಟು ಔಷಧವನ್ನು ನಿಲ್ಲಿಸುತ್ತಾರೆ. ಆದರೆ ಒಂದು ವಾರದೊಳಗೆ ಚುಕ್ಕೆಗಳು ಮೊದಲಿಗಿಂತ ನೂರ್ಮಡಿಯಾಗಿ ಬಂದು, ಮೀನುಗಳು ಒಂದೊಂದಾಗಿ ಸಾಯುತ್ತವೆ. ಗುಣವಾದ ರೋಗವು ಮರಳಿ ಬಂದುದು ಹೇಗೆ? ನಿಜವಾಗಿ ಅದು ಗುಣವಾಗಿಯೇ ಇರಲಿಲ್ಲ. ಇದರ ಕಾರಣವನ್ನು ತಿಳಿದವರಿಗೆ ಚಿಕಿತ್ಸೆಯು ಕಷ್ಟವಲ್ಲ. ತಿಳಿಯದವರಿಗೆ ಎಷ್ಟು ಬೆಲೆಯ ಔಷಧವೂ ಪ್ರಯೋಜನಕ್ಕೆ ಬಾರದು. ಆದಕಾರಣ ಈ ರೋಗದ ವಿಷಯವನ್ನು ಸ್ವಲ್ಪ ವಿವರವಾಗಿ ಇಲ್ಲಿ ಬರೆಯುತ್ತೇವೆ.

ಮೊದಲು ರೋಗದ ಲಕ್ಷಣಗಳನ್ನು ನೋಡೋಣ. ಚುಕ್ಕೆಗಳು ಕಾಣಿಸುವುದಕ್ಕೆ ಮೊದಲೇ ಮೀನು ಕಲ್ಲಿಗೂ ಮರಳಿಗೂ ಮೈಯನ್ನು ಉಜ್ಜಿಕೊಳ್ಳುತ್ತದೆ. ಈಜುರೆಕ್ಕೆಗಳನ್ನು ಮೈಗೆ ಒತ್ತಿಕೊಂಡಿರುತ್ತದೆ. ಆಹಾರದಲ್ಲಿ ಆಸಕ್ತಿಯು ಕುಂದುತ್ತದೆ. ಆಮೇಲೆ ಬಾಲದ ಮೇಲೂ ರೆಕ್ಕೆಗಳ ಮೇಲೂ ಮೈಮೇಲೂ ಬಿಳಿಯ ಚುಕ್ಕೆಗಳು ಏಳುತ್ತವೆ. ಒಂದೊಂದು ಚುಕ್ಕೆಯು ಹೆಚ್ಚೆಂದರೆ ಒಂದು ಮಿಲಿಮೀಟರಿನಷ್ಟಿರುತ್ತದೆ. ರೋಗವು ಕಿವಿರುಗಳಿಗೆ ತಗಲಿದಾಗ ಮೀನು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆತೆರೆದು ಉಸಿರಾಡುತ್ತದೆ. ಕೆಲವು ಸಾರಿ ಕಿವಿರುಗಳು ಮಾತ್ರವೇ ರೋಗಕ್ಕೆ ತುತ್ತಾಗಿ, ಮೈಮೇಲೆ ಒಂದು ಚುಕ್ಕೆಯೂ ಕಾಣದೆ ಮೀನು ಸಾಯುವುದುಂಟು.

ಬಿಳಿಯದೆಲ್ಲ ಈ ರೋಗವೆಂದು ತಿಳಿಯಕೂಡದು. ಗೋಲ್ಡ್‌ಫಿಷ್ ಎಂಬ ಚಿನ್ನದ ಮೀನಿನ ಗಂಡಿಗೆ, ಮೊಟ್ಟೆಯಿಡುವ ಕಾಲವು ಸಮೀಪಿಸಿದಾಗ, ಕಿವಿರಿನ ಮುಚ್ಚಳದ ಮೇಲೂ ಎದೆಯ ರೆಕ್ಕೆಗಳ ಮುಂಗಡ್ಡಿಯ ಮೇಲೂ ಸಾಲಾಗಿ ಬಿಳಿಯ ಕಾಳುಗಳು ಏಳುತ್ತವೆ. ಅದು ಆರೋಗ್ಯದ ಗುರುತೇ ಹೊರತು ರೋಗವಲ್ಲ. ಮೈಮೇಲೆ ಚಿನ್ನದ ಪುಡಿಯನ್ನು ತೂರಿದಂತೆ ಬಹು ಸಣ್ಣ ಹಳದಿ ಧೂಳು ಕಂಡರೆ ಅದು ಬೇರೊಂದು ಪರೋಪಜೀವಿಯ ಕೆಲಸ. ಕರಾವಳಿಯ ಸಿಗಡಿ ಸಾಕಣೆಗಾರರು ಬಿಳಿಚುಕ್ಕೆ ರೋಗವೆಂದು ಹೇಳುವುದೂ ಬೇರೆಯೇ; ಅದು ಒಂದು ವೈರಸ್ಸಿನಿಂದ ಸಿಗಡಿಗಳಿಗೆ ಬರತಕ್ಕದ್ದು. ಹೆಸರು ಒಂದೇ ಆದರೂ ಈ ಎರಡಕ್ಕೆ ಯಾವ ಸಂಬಂಧವೂ ಇಲ್ಲ.

ಮೀನಿನ ಮೈಮೇಲಿನ ಚುಕ್ಕೆಯೊಳಗೆ ಇರುವುದು ಒಂದು ಜೀವಿ. ಅದು ಒಂದೇ ಕೋಶದಿಂದಾದದ್ದು. ಮೈಯೆಲ್ಲ ನವುರಾದ ರೋಮಗಳಿಂದ ಮುಚ್ಚಿದ್ದು, ಆ ರೋಮಗಳನ್ನು ಆಡಿಸುತ್ತ ಸದಾ ತಿರುಗುತ್ತಲೇ ಇರುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ನಡುವೆ ಕುದುರೆಯ ಲಾಳದ ಆಕಾರದ ಒಂದು ಬೀಜವು ಕಾಣುತ್ತದೆ. ಅದರಿಂದಲೇ ಇದನ್ನು ತಟ್ಟನೆ ಗುರುತಿಸಬಹುದು. 1876ರಲ್ಲಿ ಫುಕೆ ಎಂಬ ಫ್ರೆಂಚ್ ವಿದ್ವಾಂಸನು ಇದನ್ನು ವರ್ಣಿಸಿ, ಇಕ್ತಿಯೋಫ್ತೀರಿಯಸ್ ಮಲ್ಟಿಫಿಲಿಯಿಸ್ ಎಂಬ ಹೆಸರನ್ನಿಟ್ಟನು. ಉಚ್ಚರಿಸಲು ಕಷ್ಟವಾದರೂ ಈ ಹೆಸರು ಅರ್ಥವತ್ತಾಗಿದೆ. ಗ್ರೀಕ್ ಭಾಷೆಯಲ್ಲಿ ಇಕ್ತಿಸ್ ಎಂದರೆ ಮೀನು, ಫ್ತೀರ್ ಎಂದರೆ ಹೇನು. ಲಾಟಿನ್ ಭಾಷೆಯಲ್ಲಿ ಮಲ್ಟಿ ಎಂದರೆ ಬಹಳ, ಫಿಲಿಯಿ ಎಂದರೆ ಮಕ್ಕಳು. ಬಹುಸಂತಾನವುಳ್ಳ ಮೀನುಹೇನು ಎಂದು ತಾತ್ಪರ್ಯ. ಇದು ನಿಜವಾದ ಹೇನಲ್ಲ. ಆದರೆ ಬಹುಸಂತಾನದ ಮಾತು ಅಕ್ಷರಶಃ ಸತ್ಯವೆಂಬುದು ಮುಂದೆ ತಿಳಿಯುವುದು.

ಈ ಜೀವಿಯ ಬಾಳಿನಲ್ಲಿ ಮೂರು ಅವಸ್ಥೆಗಳುಂಟು. ಮೊದಲನೆಯದರಲ್ಲಿ ಅದು ಮೀನಿನ ತೊಗಲಿನ ಮೇಲ್ಪದರದ ಅಡಿಯಲ್ಲಿ ಹೊಕ್ಕು, ಅಲ್ಲಿನ ಜೀವಕೋಶಗಳನ್ನು ತಿಂದು ಬೆಳೆಯುತ್ತದೆ. ನಮಗೆ ಕಾಣುವ ಬಿಳಿಚುಕ್ಕೆಯು ಇದೇ. ಎರಡನೆಯದರಲ್ಲಿ, ಬೆಳೆದ ಜೀವಿಯು ತೊಗಲನ್ನು ಸೀಳಿ ಹೊರಬಿದ್ದು, ಕೆಲವು ಗಂಟೆಗಳ ಕಾಲ ನೀರಿನಲ್ಲಿ ತೇಲಾಡಿ, ತೊಟ್ಟಿಯ ತಳದ ಕಲ್ಲಿಗೋ ಗಿಡದ ಎಲೆಗೋ ಅಂಟಿಕೊಂಡು, ಸುತ್ತಲೂ ಲೋಳೆಯ ಕೋಶವನ್ನು ಕಟ್ಟಿಕೊಳ್ಳುತ್ತದೆ. ಆ ಕೋಶದೊಳಗೆ ಅದು ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತ ಹೋಗಿ ನೂರಾರು, ಕೆಲವೊಮ್ಮೆ ಸಾವಿರಕ್ಕೂ ಮಿಕ್ಕಿ ಮರಿಗಳಾಗುತ್ತದೆ. ಮೂರನೆಯದರಲ್ಲಿ, ಆ ಮರಿಗಳು ಕೋಶವನ್ನು ಒಡೆದು ಹೊರಬಂದು ಮೀನನ್ನು ಹುಡುಕುತ್ತ ಈಜುತ್ತವೆ. ನಮ್ಮ ಊರುಗಳ ಬೆಚ್ಚನೆಯ ನೀರಿನಲ್ಲಿ ಸುಮಾರು ಎರಡು ದಿನಗಳೊಳಗೆ ಮೀನು ದೊರೆಯದಿದ್ದರೆ ಅವುಗಳಲ್ಲಿ ಹೆಚ್ಚಿನವು ಸಾಯುತ್ತವೆ. ದೊರೆತರೆ ತೊಗಲನ್ನು ಕೊರೆದು ಒಳಹೊಗುತ್ತವೆ, ಮತ್ತೆ ಮೊದಲಿನ ಕಥೆಯೇ ನಡೆಯುತ್ತದೆ.

ಚಿಕಿತ್ಸೆಯ ರಹಸ್ಯವೆಲ್ಲ ಇಲ್ಲಿಯೇ ಅಡಗಿದೆ. ಮೀನಿನ ತೊಗಲಿನ ಅಡಿಯಲ್ಲಿರುವ ಜೀವಿಗೆ ನೀರಿಗೆ ಹಾಕಿದ ಔಷಧವು ತಗಲುವುದಿಲ್ಲ. ಲೋಳೆಯ ಕೋಶದೊಳಗಿರುವುದಕ್ಕೂ ಅದು ಚೆನ್ನಾಗಿ ತಗಲುವುದಿಲ್ಲ. ನೀರಿನಲ್ಲಿ ಈಜುತ್ತಿರುವ ಮರಿಗಳು ಮಾತ್ರವೇ ಔಷಧದಿಂದ ಸುಲಭವಾಗಿ ಸಾಯತಕ್ಕವು. ಎಂದರೆ ನಾವು ಕಣ್ಣಿನಿಂದ ಕಾಣುವ ಚುಕ್ಕೆಗಳನ್ನು ನಾವು ಕೊಲ್ಲಲಾರೆವು. ನಾವು ಕೊಲ್ಲಬಲ್ಲವು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಚುಕ್ಕೆಗಳು ಮಾಯವಾದದ್ದು ಔಷಧದ ಗುಣದಿಂದಲ್ಲ, ಜೀವಿಗಳು ಬಲಿತು ತಾವಾಗಿಯೇ ಕಳಚಿ ಬಿದ್ದುದರಿಂದ. ಆ ಹೊತ್ತಿನಲ್ಲಿ ತೊಟ್ಟಿಯ ತಳದಲ್ಲಿ ಒಂದೊಂದು ಚುಕ್ಕೆಯೂ ನೂರಾರಾಗಿ ಒಡೆಯುತ್ತಿರುತ್ತದೆ. ಮೀನಿನ ಮೈ ಶುಭ್ರವಾಗಿ ಕಂಡ ದಿನವೇ ಔಷಧವು ಅತ್ಯಂತ ಅವಶ್ಯವಾದ ದಿನ. ಆ ದಿನವೇ ಬಹು ಜನರು ಅದನ್ನು ನಿಲ್ಲಿಸಿಬಿಡುತ್ತಾರೆ.

ಈ ಚಕ್ರವು ಒಮ್ಮೆ ತಿರುಗಲು ಎಷ್ಟು ದಿನ ಬೇಕೆಂಬುದು ನೀರಿನ ಶಾಖವನ್ನು ಅವಲಂಬಿಸಿದೆ. ಸುಮಾರು 25 ಡಿಗ್ರಿ ಸೆಂಟಿಗ್ರೇಡಿನ ನೀರಿನಲ್ಲಿ 3ರಿಂದ 6 ದಿನಗಳು ಸಾಕು. 10 ಡಿಗ್ರಿಯ ತಣ್ಣೀರಿನಲ್ಲಿ 5 ವಾರಗಳಿಗೂ ಹೆಚ್ಚು ಬೇಕು. ಆದಕಾರಣ ಮಂಗಳೂರಿನ ಮನೆಗೂ ಬೆಂಗಳೂರಿನ ಮನೆಗೂ ಒಂದೇ ಲೆಕ್ಕವು ಸಲ್ಲದು. ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿ ತಿಂಗಳುಗಳ ರಾತ್ರಿಗಳು ತಂಪಾಗಿರುವುದರಿಂದ ಆಗ ರೋಗವು ನಿಧಾನವಾಗಿ ನಡೆಯುತ್ತದೆ, ಚಿಕಿತ್ಸೆಯನ್ನೂ ಅಷ್ಟೇ ದೀರ್ಘವಾಗಿ ನಡೆಸಬೇಕು. ಅಲ್ಲದೆ ಹಗಲು ಬಿಸಿ, ರಾತ್ರಿ ಚಳಿ ಎಂಬ ಏರಿಳಿತದಿಂದ ಮೀನಿನ ಶಕ್ತಿಯು ಕುಂದಿ ರೋಗಕ್ಕೆ ಎಡೆಯಾಗುತ್ತದೆ.

ಈಗ ಚಿಕಿತ್ಸೆಯ ಕ್ರಮವನ್ನು ಹೇಳುತ್ತೇವೆ. ಒಂದು ಮೀನಿನ ಮೇಲೆ ಮಾತ್ರ ಚುಕ್ಕೆಗಳಿದ್ದರೂ ಅದೊಂದನ್ನೇ ಬೇರ್ಪಡಿಸಿದರೆ ಸಾಲದು. ರೋಗವು ತೊಟ್ಟಿಯದು, ಆದುದರಿಂದ ಇಡೀ ತೊಟ್ಟಿಗೇ ಚಿಕಿತ್ಸೆಯಾಗಬೇಕು. ಉಷ್ಣದೇಶದ ಮೀನುಗಳಾಗಿದ್ದರೆ ಹೀಟರಿನಿಂದ ನೀರಿನ ಶಾಖವನ್ನು ದಿನಕ್ಕೆ ಎರಡು ಡಿಗ್ರಿಗಿಂತ ಹೆಚ್ಚಿಲ್ಲದಂತೆ ಏರಿಸುತ್ತ 30 ಡಿಗ್ರಿಗೆ ತರಬಹುದು. ಶಾಖವು ಹೆಚ್ಚಿದಷ್ಟೂ ಜೀವಿಯು ಬೇಗನೆ ಮೀನನ್ನು ಬಿಟ್ಟು ಹೊರಬರುತ್ತದೆ. 30 ಡಿಗ್ರಿಗೆ ಮೇಲ್ಪಟ್ಟರೆ ಹಲವು ತಳಿಗಳ ವೃದ್ಧಿಯೇ ನಿಲ್ಲುತ್ತದೆ. ಆದರೆ ಬಿಸಿ ನೀರಿನಲ್ಲಿ ಪ್ರಾಣವಾಯುವು ಕಡಿಮೆ. 20 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 9 ಮಿಲಿಗ್ರಾಂ ಪ್ರಾಣವಾಯು ಕರಗಬಲ್ಲದಾದರೆ, 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಾತ್ರ. ಕಿವಿರು ಕೆಟ್ಟ ಮೀನಿಗೆ ಇದು ಪ್ರಾಣಾಂತಿಕವಾದೀತು. ಆದಕಾರಣ ಗಾಳಿಯನ್ನೂದುವ ಪಂಪು ಹಗಲೂ ರಾತ್ರಿಯೂ ನಡೆಯುತ್ತಿರಲಿ. ಚಿನ್ನದ ಮೀನು ತಂಪು ನೀರಿನದು; ಅದಕ್ಕೆ ಶಾಖಕ್ಕಿಂತ ಉಪ್ಪೇ ಲೇಸು.

ಉಪ್ಪು ನಮ್ಮ ಅಡಿಗೆಮನೆಯ ಔಷಧ. ಪರಿಮಳವೂ ಮಸಾಲೆಯೂ ಸೇರದ ಶುದ್ಧ ಕಲ್ಲುಪ್ಪನ್ನು ಲೀಟರಿಗೆ 1ರಿಂದ 3 ಗ್ರಾಮಿನವರೆಗೆ ಹಾಕಬಹುದು. ಪ್ರಮಾಣವನ್ನು ಕಣ್ಣಂದಾಜಿನಿಂದ ಹಾಕದೆ ಲೆಕ್ಕ ಮಾಡಬೇಕು. ತೊಟ್ಟಿಯ ಉದ್ದ 60 ಸೆಂಟಿಮೀಟರ್, ಅಗಲ 30, ನೀರಿನ ಎತ್ತರ 25 ಎಂದಿಟ್ಟುಕೊಳ್ಳಿರಿ. ಈ ಮೂರನ್ನು ಗುಣಿಸಿ ಸಾವಿರದಿಂದ ಭಾಗಿಸಿದರೆ 45 ಲೀಟರ್ ಆಗುತ್ತದೆ. ಲೀಟರಿಗೆ 2 ಗ್ರಾಮಿನಂತೆ 90 ಗ್ರಾಂ ಉಪ್ಪು. ಇದನ್ನು ಒಮ್ಮೆಗೇ ಸುರಿಯಕೂಡದು. ಮೂರು ಪಾಲು ಮಾಡಿ, ಬೇರೆ ಪಾತ್ರೆಯಲ್ಲಿ ಕರಗಿಸಿ, ಬೆಳಿಗ್ಗೆ, ಸಂಜೆ, ಮರುದಿನ ಬೆಳಿಗ್ಗೆ ಹೀಗೆ ಸೇರಿಸಬೇಕು. ಪ್ರತಿದಿನ ರಬ್ಬರ್ ಕೊಳವೆಯಿಂದ ತಳದ ಕಸವನ್ನು ಸೆಳೆದು ತೆಗೆಯಿರಿ; ಅದರೊಡನೆ ಅನೇಕ ಕೋಶಗಳೂ ಹೊರಟುಹೋಗುತ್ತವೆ. ಹಾಗೆ 10 ಲೀಟರ್ ನೀರು ಹೋದರೆ ಅದರಲ್ಲಿ 20 ಗ್ರಾಂ ಉಪ್ಪೂ ಹೋಯಿತು. ಹೊಸ ನೀರಿನೊಡನೆ ಅಷ್ಟನ್ನೇ ಸೇರಿಸಬೇಕು, ಹೆಚ್ಚು ಸೇರಿಸಬಾರದು. ನೀರು ಆವಿಯಾಗಿ ಇಳಿದಿದ್ದರೆ ಉಪ್ಪು ಹೋಗಿರುವುದಿಲ್ಲ. ಆಗ ಬರಿಯ ನೀರನ್ನೇ ತುಂಬಬೇಕು. ನಲ್ಲಿಯ ನೀರಾದರೆ ಕ್ಲೋರಿನ್ ಹೋಗುವಂತೆ ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ಇಟ್ಟು ಉಪಯೋಗಿಸಿರಿ. ನೀರಿನ ಗಿಡಗಳಿಗೂ ಹುರುಪೆಯಿಲ್ಲದ ಮೀನುಗಳಿಗೂ ಉಪ್ಪು ಅಷ್ಟಾಗಿ ಒಗ್ಗದು. ಅಲ್ಲಿ ಕಡಿಮೆ ಪ್ರಮಾಣವೇ ಸಾಕು.

ಅಂಗಡಿಗಳಲ್ಲಿ ದೊರೆಯುವ ಔಷಧಗಳು ಹೆಚ್ಚಾಗಿ ಬಣ್ಣಗಳೇ. ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣವನ್ನು ಜರ್ಮನಿಯಲ್ಲಿ ಬಟ್ಟೆಗೆ ಹಾಕುವುದಕ್ಕಾಗಿ ಮೊದಲು ಮಾಡಿದ್ದು 1876ರಲ್ಲಿ, ಎಂದರೆ ಫುಕೆಯು ಮೀನುಹೇನಿಗೆ ಹೆಸರಿಟ್ಟ ವರ್ಷದಲ್ಲಿಯೇ. 1891ರಲ್ಲಿ ಪಾಲ್ ಎರ್ಲಿಕ್ ಮತ್ತು ಗುಟ್‌ಮನ್ ಎಂಬವರು ಇದನ್ನು ಮನುಷ್ಯರ ಮಲೇರಿಯಾ ಜ್ವರಕ್ಕೆ ಕೊಟ್ಟು ನೋಡಿದರು. ಮಲೇರಿಯಾ ಸಹ ಏಕಕೋಶ ಜೀವಿಯಿಂದಲೇ ಬರುವುದಷ್ಟೆ. ಈ ನೀಲಿಯು ಸೌಮ್ಯವಾದದ್ದು, ಆದರೆ ಗಿಡಗಳಿಗೆ ಹಾನಿಕರ. ಮ್ಯಾಲಕೈಟ್ ಗ್ರೀನ್ ಎಂಬ ಹಸುರು ಬಣ್ಣವು ಹೆಚ್ಚು ಬಲವಾದದ್ದು, ಹೆಚ್ಚು ವಿಷವಾದದ್ದು. ತಿನ್ನುವ ಮೀನುಗಳಿಗೆ ಇದನ್ನು ಹಾಕುವುದು ಅನೇಕ ದೇಶಗಳಲ್ಲಿ ನಿಷಿದ್ಧವಾಗಿದೆ. ಮನೆಯಲ್ಲಿ ಉಪಯೋಗಿಸುವವರು ಸೀಸೆಯ ಮೇಲಿನ ಪ್ರಮಾಣವನ್ನು ಮೀರದೆ, ಬರಿಗೈಯಿಂದ ಮುಟ್ಟದೆ, ಮಕ್ಕಳ ಕೈಗೆ ಸಿಗದಂತೆ ಇಡತಕ್ಕದ್ದು. ಗರ್ಭಿಣಿಯರು ಇದರ ಗೊಡವೆಗೇ ಹೋಗಬಾರದು. ಎರಡು ಔಷಧಗಳನ್ನು ಕೂಡಿಸಿ ಹಾಕಬೇಡಿರಿ. ಫಿಲ್ಟರಿನಲ್ಲಿ ಇದ್ದಲು ಇದ್ದರೆ ಮೊದಲೇ ತೆಗೆದಿಡಿರಿ. ಯಾಕಂದರೆ ಇದ್ದಲು ಔಷಧವನ್ನೆಲ್ಲ ಹೀರಿಬಿಡುವುದು.

ಎಷ್ಟು ದಿನ ಎಂದು ಕೇಳುವವರಿಗೆ ನಮ್ಮ ಉತ್ತರವಿದು. ಬೆಚ್ಚನೆಯ ನೀರಿನಲ್ಲಿ ಕೊನೆಯ ಚುಕ್ಕೆಯು ಮಾಯವಾದ ಮೇಲೆಯೂ ಒಂದು ವಾರ ಪೂರ್ತಿಯಾಗಿ ಚಿಕಿತ್ಸೆಯನ್ನು ನಡೆಸಬೇಕು. ಒಟ್ಟಿನಲ್ಲಿ 10ರಿಂದ 14 ದಿನಗಳು. ತಂಪು ನೀರಿನಲ್ಲಿ 3 ವಾರಗಳಿಗೂ ಹೆಚ್ಚು. ಗೋಡೆಯ ಕ್ಯಾಲೆಂಡರಿನಲ್ಲಿ ಮಗುವಿನ ಕೈಯಿಂದಲೇ ದಿನಗಳನ್ನು ಗುರುತು ಹಾಕಿಸಿರಿ.

ಬಂದ ಮೇಲೆ ಹೋರಾಡುವುದಕ್ಕಿಂತ ಬಾರದಂತೆ ನೋಡಿಕೊಳ್ಳುವುದು ಸುಲಭ. ರೋಗವು ಬಹುತೇಕ ಹೊಸ ಮೀನಿನೊಡನೆ, ಹೊಸ ಗಿಡದೊಡನೆ, ಅಥವಾ ಬೇರೆ ತೊಟ್ಟಿಯ ಬಲೆಯೊಡನೆ ಬರುತ್ತದೆ. ಹೊಸ ಮೀನನ್ನು ಮೂರು ನಾಲ್ಕು ವಾರ ಬೇರೆ ಪಾತ್ರೆಯಲ್ಲಿಟ್ಟು ನೋಡಿ, ಆಮೇಲೆ ಸೇರಿಸತಕ್ಕದ್ದು. ಅದರ ಬಲೆಯೂ ಬೇರೆಯಾಗಿರಲಿ. ರೋಗದಿಂದ ಉಳಿದುಕೊಂಡ ಮೀನಿಗೆ ಸ್ವಲ್ಪ ಮಟ್ಟಿಗೆ ತಡೆಯುವ ಶಕ್ತಿಯು ಬರುತ್ತದೆ. ಆದರೆ ತಾನು ಚೆನ್ನಾಗಿದ್ದುಕೊಂಡೇ ಇತರ ಮೀನುಗಳಿಗೆ ರೋಗವನ್ನು ಹಂಚಬಹುದು.

ಈ ರೋಗವು ಮನುಷ್ಯರಿಗೆ ತಗಲುವುದಿಲ್ಲ; ತಾಯಿತಂದೆಗಳು ಮಕ್ಕಳನ್ನು ತೊಟ್ಟಿಯಿಂದ ದೂರವಿಡಬೇಕಾಗಿಲ್ಲ. ತೊಟ್ಟಿಯಲ್ಲಿ ಕೈಯಾಡಿಸಿದ ಮೇಲೆ ಸಾಬೂನಿನಿಂದ ತೊಳೆಯುವುದು ಎಂದಿನಂತೆ ಇರಲಿ. ಆದರೆ ಸಿಹಿನೀರಿನ ಮೀನುಗಳಲ್ಲಿ ಇದಕ್ಕೆ ತುತ್ತಾಗದ ಜಾತಿಯು ಇಲ್ಲವೆಂದೇ ಹೇಳಬಹುದು. ಬೇಸರಪಟ್ಟು ರೋಗಿ ಮೀನುಗಳನ್ನು ಕೆರೆಗೋ ಬಾವಿಗೋ ಬಿಡುವವರು ಅಲ್ಲಿನ ಮೀನುಗಳಿಗೂ ರೋಗವನ್ನು ಕೊಟ್ಟಂತಾಗುವುದು. ಸತ್ತ ಮೀನನ್ನು ಮಣ್ಣಿನಲ್ಲಿ ಹೂಳಿರಿ. ತೊಟ್ಟಿಯ ನೀರನ್ನು ಹಳ್ಳಕ್ಕೆ ಚೆಲ್ಲಬೇಡಿರಿ. ಮೀನುಗಳೆಲ್ಲ ಸತ್ತು ತೊಟ್ಟಿಯು ಬರಿದಾದರೂ ಅದನ್ನು ಎಸೆಯಬೇಕಾಗಿಲ್ಲ. ನೀರು ಬೆಚ್ಚಗಿರುವಾಗ ಎರಡು ವಾರ ಮೀನಿಲ್ಲದೆ ಬಿಟ್ಟರೆ ಮರಿಗಳಿಗೆ ಆಶ್ರಯ ಸಿಕ್ಕದೆ ಅವು ನಾಶವಾಗುತ್ತವೆ. ಆಮೇಲೆ ಹೊಸ ಮೀನುಗಳನ್ನು ನಿರ್ಭಯವಾಗಿ ತರಬಹುದು.