ಹುಲಗಲದ ಎಣ್ಣೆ, ಪರೀಕ್ಷೆಯ ದುಡ್ಡು

ಬಿಸಿಲು ಏರುತ್ತಿದ್ದಂತೆ ಬಾಗಲಕೋಟೆ ಸೀಮೆಯ ರಸ್ತೆಬದಿಯಲ್ಲಿ ಹುಲಗಲದ ಕಾಯಿ ಉದುರತೊಡಗುತ್ತವೆ. ಮೈಸೂರು ಕಡೆಯವರು ಹೊಂಗೆ ಎನ್ನುವುದು ಇದೇ ಮರಕ್ಕೆ. ದನ ಬಾಯಿ ಹಾಕದ ಸೊಪ್ಪು, ಕಹಿ ಬೀಜ. ಆ ಬೀಜದ ತೂಕದಲ್ಲಿ ಕಾಲು ಭಾಗಕ್ಕೂ ಹೆಚ್ಚು ಎಣ್ಣೆ ಇರುತ್ತದೆ. ರಾಜ್ಯದ ಎಷ್ಟೋ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ವರ್ಷದ ಹುಡುಗ ಹುಡುಗಿಯರು ಕೈಹಾಕಿ ನೋಡಿದ ಮೊದಲ ಹಸಿರು ಇಂಧನ ಈ ಎಣ್ಣೆಯೇ.

ಕೆಲಸ ನೋಡಲು ಸುಲಭ. ಎಣ್ಣೆಗೆ ಮೆಥನಾಲ್ ಮತ್ತು ಚೂರು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಸೇರಿಸಿ, 60 ಡಿಗ್ರಿ ಆಸುಪಾಸಿನಲ್ಲಿ ಕಲಕುತ್ತ ಇಟ್ಟು, ಗಾಜಿನ ಆಲಿಕೆಗೆ ಸುರಿದು ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ಬಂದು ನೋಡಿದರೆ ಎರಡು ಪದರ: ತಳದಲ್ಲಿ ಕಾಕಂಬಿಯಂಥ ಗ್ಲಿಸರಿನ್, ಮೇಲೆ ಹೊಂಬಣ್ಣದ ಬಯೋಡೀಸೆಲ್. ಅದನ್ನು ಕಂಡಾಗ ಆಗುವ ಸಂತೋಷವೇ ಬೇರೆ. ಆದರೆ ಸೀಸೆಯಲ್ಲಿರುವುದು ಇಂಧನವೋ, ಬರೀ ಚೆಂದದ ಬಣ್ಣದ ಎಣ್ಣೆಯೋ ಎಂಬುದು ಆಗಿನ್ನೂ ತೀರ್ಮಾನವಾಗಿರುವುದಿಲ್ಲ.

ತೀರ್ಮಾನಿಸುವುದು ಪರೀಕ್ಷೆ. ಬಯೋಡೀಸೆಲ್‌ಗೆ ಭಾರತೀಯ ಮಾನಕ ಐ.ಎಸ್. 15607 ಇದೆ. ಅದರಲ್ಲಿ ಬರುವ ಫ್ಲ್ಯಾಶ್ ಪಾಯಿಂಟ್ ಒಂದನ್ನೇ ನೋಡಿ. ಮುಚ್ಚಳವಿರುವ ಪುಟ್ಟ ಹಿತ್ತಾಳೆ ಬಟ್ಟಲಲ್ಲಿ ಎಣ್ಣೆ ಹಾಕಿ, ನಿಧಾನವಾಗಿ ಕಾಯಿಸುತ್ತ, ಆಗಾಗ ಕಿಂಡಿ ತೆರೆದು ಸಣ್ಣ ಉರಿ ತೋರಿಸುತ್ತಾರೆ. ಆವಿ ಹೊತ್ತಿ ನೀಲಿಯಾಗಿ ಫಕ್ಕನೆ ಮಿಂಚಿ ಆರುವ ಉಷ್ಣಾಂಶವೇ ಫ್ಲ್ಯಾಶ್ ಪಾಯಿಂಟ್. ಅದು 100 ಡಿಗ್ರಿ ದಾಟಿರಬೇಕು. ತೊಳೆಯುವಾಗ ಅವಸರ ಮಾಡಿ ಸ್ವಲ್ಪ ಮೆಥನಾಲ್ ಉಳಿಸಿಬಿಟ್ಟರೆ, ಆ ಮಿಂಚು ಎಷ್ಟೋ ಮೊದಲೇ ಕಾಣುತ್ತದೆ. ಕಣ್ಣಿಗೆ ಕಾಣದ ತಪ್ಪನ್ನು ಬಟ್ಟಲು ಹೇಳುತ್ತದೆ. ಇನ್ನು ಸ್ನಿಗ್ಧತೆ, ಆಮ್ಲಾಂಶ, ನೀರಿನಂಶ, ಗಂಧಕ, ಉಳಿದ ಗ್ಲಿಸರಿನ್ ಎಂದು ಪಟ್ಟಿ ಉದ್ದವಿದೆ. ಕೆಲವನ್ನು ಕಾಲೇಜಿನಲ್ಲೇ ಅಳೆಯಬಹುದು. ಗ್ಯಾಸ್ ಕ್ರೊಮಟೋಗ್ರಾಫ್ ಬೇಕಾದವುಗಳಿಗೆ ಮಾತ್ರ ಎಲ್ಲ ಕಡೆ ಅನುಕೂಲವಿಲ್ಲ. ಲ್ಯಾಬುಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ ಎನ್.ಎ.ಬಿ.ಎಲ್.ನ ಮಾನ್ಯತೆ ಪಡೆದ ಲ್ಯಾಬಿನ ವರದಿ ಇಲ್ಲದೆ ಹೊರಗಿನವರು ಆ ಸೀಸೆಯನ್ನು ಕೈಯಲ್ಲಿ ಹಿಡಿಯುವುದೂ ಇಲ್ಲ.

ಈ ವರದಿಗೆ ದುಡ್ಡು ಯಾರು ಕೊಡಬೇಕು ಎಂಬುದೇ ನನ್ನ ಪ್ರಶ್ನೆ. ಹೊಸ ಯೋಚನೆಗೆ ಬಹುಮಾನವಿದೆ, ಯಂತ್ರ ಕೊಳ್ಳಲು ಅನುದಾನವಿದೆ, ಕಂಪನಿ ಕಟ್ಟಿದ ಮೇಲೆ ಬಂಡವಾಳವೂ ಸಿಕ್ಕೀತು. ನಡುವಿನ ಈ ಹೊಸ್ತಿಲಲ್ಲಿ, ಮಾಡಿದ್ದನ್ನು ಅಳೆದು ತೋರಿಸುವ ಜಾಗದಲ್ಲಿ, ಜೇಬು ಖಾಲಿ. ನಾಸಾದವರು ರೂಢಿಗೆ ತಂದ, ಒಂದರಿಂದ ಒಂಬತ್ತರವರೆಗಿನ ತಂತ್ರಜ್ಞಾನ ಸಿದ್ಧತೆಯ ಮೆಟ್ಟಿಲುಗಳಲ್ಲಿ ಇದು ನಾಲ್ಕನೆಯದು. ನಮ್ಮ ಊರುಗಳ ಎಷ್ಟೋ ಒಳ್ಳೆಯ ಕೆಲಸ ಕುಸಿದು ಕೂರುವುದು ಇಲ್ಲಿಯೇ.

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನಿಂತು ಈ ಮಾತು ಆಡಲು ಕಾರಣವಿದೆ. 1906ರಲ್ಲಿ ಹುಟ್ಟಿದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಇಲ್ಲಿ 1963ರಲ್ಲಿ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು ಕಟ್ಟಿತು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರವಿನ ಉದ್ಯಮಶೀಲರ ಪಾರ್ಕ್, ಜನರ ಬಾಯಲ್ಲಿ ‘ಸ್ಟೆಪ್’, ಇದೇ ಆವರಣಕ್ಕೆ ಬಂತು. ಸುತ್ತ ಕಚ್ಚಾವಸ್ತುವಿಗೆ ಬರವಿಲ್ಲ. ಮುಧೋಳ, ಜಮಖಂಡಿಯ ಕಬ್ಬಿನ ರವದಿ ಮತ್ತು ಕಾರ್ಖಾನೆಗಳ ಮಡ್ಡಿ, ಹುನಗುಂದದ ಕರಿ ಭೂಮಿಯ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಇಳಕಲ್ಲಿನಲ್ಲಿ ನೂಲಿಗೆ ಬಣ್ಣ ಕೊಟ್ಟು ಉಳಿದ ನೀರು: ಒಂದೊಂದೂ ಒಂದೊಂದು ಪ್ರಾಜೆಕ್ಟ್.

ಇಳಕಲ್ಲಿನ ಆ ನೀರನ್ನೇ ತೆಗೆದುಕೊಳ್ಳಿ. ಕಬ್ಬಿನ ಸಿಪ್ಪೆ ಸುಟ್ಟು ಮಾಡಿದ ಇದ್ದಿಲಿನ ಮೂಲಕ ಹರಿಸಿದರೆ ಕೆಂಪು ನೀರು ತಿಳಿಯಾಗಬಹುದು. ಬಣ್ಣ ಹೋಯಿತೆಂದು ಮಲಿನತೆ ಹೋಯಿತೆನ್ನಲಾಗದು. ಮಲಿನತೆಯನ್ನು ಆಕ್ಸಿಜನ್ ಬೇಡಿಕೆಯ ಲೆಕ್ಕದಲ್ಲಿ ಅಳೆಯುತ್ತಾರೆ: ಹಳ್ಳಕೊಳ್ಳಕ್ಕೆ ಬಿಡುವ ನೀರಿನಲ್ಲಿ ರಾಸಾಯನಿಕ ಬೇಡಿಕೆ, ಅಂದರೆ ಸಿ.ಒ.ಡಿ., ಲೀಟರಿಗೆ 250 ಮಿಲಿಗ್ರಾಂ, ಜೈವಿಕ ಬೇಡಿಕೆ, ಅಂದರೆ ಬಿ.ಒ.ಡಿ., 30 ಮಿಲಿಗ್ರಾಂ ಮೀರಬಾರದು ಎಂಬುದು ಸಾಮಾನ್ಯ ನಿಯಮ. ಬಿ.ಒ.ಡಿ. ಅಳೆಯಲು ಮಾದರಿಯನ್ನು 27 ಡಿಗ್ರಿಯಲ್ಲಿ ಮೂರು ದಿನ ಇಡಬೇಕು. ಬೇರೆ ಬೇರೆ ಬಣ್ಣ, ಬೇರೆ ಬೇರೆ ದಿನದ ನೀರು, ಪ್ರತಿಯೊಂದಕ್ಕೂ ಮೂರು ಮೂರು ಸಲ ಎಂದು ಲೆಕ್ಕ ಹಾಕಿದರೆ ಪರೀಕ್ಷೆಯ ಸಂಖ್ಯೆ ನೂರು ಮುಟ್ಟುವುದು ಕಷ್ಟವೇನಲ್ಲ. ಇದ್ದಿಲಿಗೆ ಆದ ಖರ್ಚು ಇದರ ಮುಂದೆ ಲೆಕ್ಕಕ್ಕಿಲ್ಲ.

ಅಳತೆಗೆ ಬೆಲೆ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಕರ್ನಾಟಕ ಒಮ್ಮೆ ಕಂಡಿದೆ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಶುರುಮಾಡಿದರು. ಅಲ್ಲಿಂದ ಬಂದದ್ದು ಮೂರು ಪಾತ್ರೆಯ ಅಸ್ತ್ರ ಒಲೆ. ಹಳೆಯ ಒಲೆಯಲ್ಲಿ ಕಟ್ಟಿಗೆಯ ಶಾಖದ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ಪಾತ್ರೆಗೆ ಮುಟ್ಟುತ್ತಿತ್ತು, ಇದರಲ್ಲಿ ಅದು ಶೇಕಡ 30 ದಾಟಿತು. ಕಟ್ಟಿಗೆ ತೂಗಿ, ನೀರು ಕುದಿಸಿ, ಮತ್ತೆ ಮತ್ತೆ ಬರೆದಿಟ್ಟ ಅಂಕಿಯಿದು. ಆ ಅಂಕಿ ಕೈಯಲ್ಲಿದ್ದುದರಿಂದಲೇ 1975ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಗೆ ಒಲೆಯನ್ನು ಹಳ್ಳಿ ಹಳ್ಳಿಗೆ ಒಯ್ಯಲು ಧೈರ್ಯ ಬಂತು.

ಅದೇ ಮಂಡಳಿ ಎಪ್ಪತ್ತರ ದಶಕದ ಕೊನೆಯಿಂದ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಸಣ್ಣ ಸಣ್ಣ ಮೊತ್ತ ಕೊಡುತ್ತ ಬಂದಿದೆ. ಕೆಲವೇ ಸಾವಿರ ರೂಪಾಯಿ. ಆದರೂ ಸಣ್ಣ ಊರಿನ ಹುಡುಗಿಯೊಬ್ಬಳು ಜೀವನದಲ್ಲಿ ಮೊದಲ ಸಲ ಅನುದಾನದ ಅರ್ಜಿ ಬರೆಯುವುದು ಇಲ್ಲಿಯೇ, ಹಾಗಾಗಿ ನನಗೆ ಇದರ ಮೇಲೆ ತುಂಬಾ ಗೌರವ. ಕಾಲೇಜು ಮುಗಿದ ಮೇಲೆ ಮೊತ್ತ ದೊಡ್ಡದಾಗುತ್ತದೆ. ಕೇಂದ್ರದ ನಿಧಿ-ಪ್ರಯಾಸ್ ಯೋಜನೆ ಮೂಲಮಾದರಿಗೆ 10 ಲಕ್ಷ ರೂಪಾಯಿವರೆಗೆ ಕೊಡುತ್ತದೆ. 2021ರಲ್ಲಿ 945 ಕೋಟಿ ರೂಪಾಯಿಯೊಂದಿಗೆ ಶುರುವಾದ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್, ಇನ್‌ಕ್ಯುಬೇಟರುಗಳ ಮೂಲಕ 20 ಲಕ್ಷದವರೆಗೆ ಅನುದಾನ ಕೊಟ್ಟಿದೆ. ಜೈವಿಕ ತಂತ್ರಜ್ಞಾನವಾದರೆ ಕೇಂದ್ರದ ಸಂಸ್ಥೆ ಬೈರಾಕ್‌ನ ‘ಬಿಗ್’ ಇದೆ, 50 ಲಕ್ಷದವರೆಗೆ, 18 ತಿಂಗಳ ಅವಧಿಗೆ. ರಾಜ್ಯದ ‘ಎಲಿವೇಟ್’ ಸಹ 50 ಲಕ್ಷದವರೆಗೆ ಹೋಗುತ್ತದೆ.

ಬಾಗಿಲುಗಳು ಇವೆ. ಸೋಲುವುದು ಅರ್ಜಿಯ ಬಜೆಟ್ ಪುಟದಲ್ಲಿ. ಉಪಕರಣ, ಕಚ್ಚಾವಸ್ತು, ಪ್ರಯಾಣ, ಇತರೆ ಎಂದು ನಾಲ್ಕು ಸಾಲು ಬರೆದು ಪರೀಕ್ಷೆಯನ್ನು ‘ಇತರೆ’ಯೊಳಗೆ ತುರುಕುತ್ತಾರೆ. ಓದುವ ಪರಿಣತರಿಗೆ ಮೊದಲು ಕಾಣುವುದೇ ಅದು. ಬದಲಿಗೆ ಯಾವ ಪರೀಕ್ಷೆ, ಯಾವ ಮಾನಕದ ಪ್ರಕಾರ, ಎಷ್ಟು ಮಾದರಿ, ಎಷ್ಟು ಸಲ, ಯಾವ ಲ್ಯಾಬ್, ಅವರ ಕೊಟೇಶನ್ ಎಷ್ಟು, ಜಿ.ಎಸ್.ಟಿ. ಸೇರಿದೆಯೇ ಎಂದು ಬಿಡಿಸಿ ಬರೆದ ಅರ್ಜಿ ತಾನೇ ಮಾತಾಡುತ್ತದೆ. ಎಷ್ಟು ಬಂದರೆ ಗೆಲುವು, ಎಷ್ಟಕ್ಕೆ ಬಿದ್ದರೆ ಕೈಬಿಡುತ್ತೇವೆ ಎಂದೂ ಮೊದಲೇ ಬರೆಯಬೇಕು. ಲ್ಯಾಬ್ ಹುಡುಕಲು ದಾರಿಯಿದೆ: 2020ರ ಜನವರಿಯಲ್ಲಿ ಬೆಂಗಳೂರಿನ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಉದ್ಘಾಟನೆಯಾದ ಐ-ಸ್ಟೆಮ್, ದೇಶದ ಸಂಸ್ಥೆಗಳಲ್ಲಿರುವ ಉಪಕರಣಗಳನ್ನು ಹೊರಗಿನವರಿಗೂ ತೋರಿಸಿ ಕಾಯ್ದಿರಿಸಲು ಬಿಡುತ್ತದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸೂಕ್ಷ್ಮ ವಿಶ್ಲೇಷಣಾ ಉಪಕರಣಗಳ ಕೇಂದ್ರವಿದೆ. ಬಾಗಲಕೋಟೆಯಿಂದ ಬೆಳಗಿನ ಬಸ್ಸಿಗೆ ಮಾದರಿ ಸೀಸೆ ಹಿಡಿದು ಹೊರಟರೆ ಮಧ್ಯಾಹ್ನದೊಳಗೆ ತಲುಪಬಹುದು.

ಕ್ಯಾಲಿಫೋರ್ನಿಯಾದವರು ಇದನ್ನು ಇನ್ನಷ್ಟು ನೇರ ಮಾಡಿದ್ದಾರೆ. ಅಲ್ಲಿನ ‘ಕ್ಯಾಲ್‌ಟೆಸ್ಟ್‌ಬೆಡ್’ ಯೋಜನೆಯಲ್ಲಿ ಹೊಸ ಶುದ್ಧ ಇಂಧನ ಕಂಪನಿಗೆ 3 ಲಕ್ಷ ಡಾಲರ್‌ವರೆಗಿನ ವೌಚರ್ ಸಿಗುತ್ತದೆ. ಅದನ್ನು ವಿಶ್ವವಿದ್ಯಾಲಯದ ಆವರಣಗಳಲ್ಲೋ ಬರ್ಕ್ಲಿ ಪ್ರಯೋಗಾಲಯದಲ್ಲೋ ಪರೀಕ್ಷೆಗೇ ಖರ್ಚು ಮಾಡಬೇಕು. ನಮಗೆ ಅಷ್ಟು ದೊಡ್ಡದು ಬೇಡ. ಎರಡು ಲಕ್ಷ ರೂಪಾಯಿಯ ಪರೀಕ್ಷಾ ವೌಚರ್ ಒಂದನ್ನು ರಾಜ್ಯ ಸರ್ಕಾರ ಕೊಡಲಿ. ದುಡ್ಡು ನೇರ ಲ್ಯಾಬಿಗೆ ಹೋಗಲಿ, ವರದಿ ಹುಡುಗರ ಕೈಗೆ ಬರಲಿ. ಬಾಗಲಕೋಟೆ, ವಿಜಯಪುರ, ಕೊಪ್ಪಳದಂಥ ಜಿಲ್ಲೆಗಳಿಂದಲೇ ಶುರುವಾಗಲಿ.

ಮತ್ತು ಅದು ಬೇಗ ಬರಲಿ. ಸರ್ಕಾರಿ ಅನುದಾನ ಕಂತಿನಲ್ಲಿ ಬರುತ್ತದೆ. ಮೊದಲ ಕಂತಿನ ಖರ್ಚಿಗೆ ಯುಸಿ, ಅಂದರೆ ಬಳಕೆ ಪ್ರಮಾಣಪತ್ರ, ಕಳಿಸಿದ ಮೇಲೆ ಎರಡನೆಯದು. ಸಾರ್ವಜನಿಕ ಹಣಕ್ಕೆ ಲೆಕ್ಕ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಯೋಡೀಸೆಲ್ ಕಾಯುವುದಿಲ್ಲ. ಗಾಳಿ ತಾಗಿದಂತೆ ಅದು ಆಕ್ಸಿಜನ್ ಹೀರಿ ಕೆಡುತ್ತದೆ, ಆಮ್ಲಾಂಶ ಏರುತ್ತದೆ, ಮಂದವಾಗುತ್ತದೆ. ಈ ಕೆಡುವಿಕೆಯನ್ನೇ ಅಳೆಯಲು 110 ಡಿಗ್ರಿಯಲ್ಲಿ ಗಾಳಿ ಊದಿ ಗಂಟೆ ಎಣಿಸುವ ಪರೀಕ್ಷೆಯೊಂದಿದೆ. ಮೇ ತಿಂಗಳಲ್ಲಿ ಮಾಡಿಟ್ಟ ಮಾದರಿಗೆ ಡಿಸೆಂಬರಿನಲ್ಲಿ ಹಣ ಬಂದರೆ, ಆಗ ಲ್ಯಾಬಿಗೆ ಹೋಗುವುದು ಹುಡುಗರು ಮಾಡಿದ ಇಂಧನವಲ್ಲ. ಅಷ್ಟರಲ್ಲಿ ಎಂಟನೇ ಸೆಮಿಸ್ಟರ್ ಮುಗಿದು, ಮಾಡಿದವರು ಬೆಂಗಳೂರಿಗೋ ಪುಣೆಗೋ ಹೋಗಿರುತ್ತಾರೆ. ಕಪಾಟಿನಲ್ಲಿ ಉಳಿದ ಸೀಸೆಯ ಚೀಟಿಯ ಮೇಲೆ ಅವರ ಕೈಬರಹದಲ್ಲಿ ತಯಾರಿಸಿದ ದಿನಾಂಕವಿರುತ್ತದೆ. ಪರೀಕ್ಷಿಸಿದ ದಿನಾಂಕದ ಜಾಗ ಖಾಲಿ.