ಶಾಂತಿ, ಸಂಧಿ, ಲೋಪ

ವ್ಯಾಕರಣದಲ್ಲಿ ‘ಸಂಧಿ’ ಎಂದರೆ ಅಕ್ಷರಗಳ ಕೂಡಿಕೆ. ರಾಜನೀತಿಯಲ್ಲಿ ಶತ್ರುಗಳ ಕೂಡಿಕೆ. 2025ರ ಮೇ ತಿಂಗಳಲ್ಲಿ ದಾವಣಗೆರೆಯ ನನ್ನ ತರಗತಿಯಲ್ಲಿ ಲೋಪ, ಆಗಮ, ಆದೇಶಗಳನ್ನು ವಿವರಿಸುತ್ತಿದ್ದಾಗ ಹುಡುಗನೊಬ್ಬ ಎದ್ದು ನಿಂತು, “ಕದನವಿರಾಮವೂ ಶಾಂತಿಯೂ ಒಂದೆಯೇ, ಸಾರ್?” ಎಂದು ಕೇಳಿದ. ಪಠ್ಯದಲ್ಲಿಲ್ಲದ ಪ್ರಶ್ನೆ. ಆದರೆ ಅವನ ಅಣ್ಣ ಜಮ್ಮುವಿನಲ್ಲಿ ಸೈನಿಕ, ಗದರಿಸಿ ಕೂರಿಸುವಂತಿರಲಿಲ್ಲ.

ಆ ಕೆಲವೇ ವಾರಗಳಲ್ಲಿ ‘ಶಾಂತಿ’ ಎಂಬ ಪದ ಎಷ್ಟು ಅರ್ಥಗಳನ್ನು ಹೊತ್ತಿತು! ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ ಭಯೋತ್ಪಾದಕರು 26 ಮಂದಿಯನ್ನು ಕೊಂದರು. ಹತರಾದವರಲ್ಲಿ ನೆರೆಯ ಶಿವಮೊಗ್ಗದವರೊಬ್ಬರೂ ಇದ್ದರು. ನಾಲ್ಕು ದಿನಗಳ ತರುವಾಯ, ಆಗ ಮುಖ್ಯಮಂತ್ರಿಗಳಾಗಿದ್ದ ಸಿದ್ದರಾಮಯ್ಯನವರು ಯುದ್ಧದ ಅಗತ್ಯವಿಲ್ಲ, ಭದ್ರತೆ ಬಿಗಿಯಾಗಲಿ ಎಂದರು. ಪಾಕಿಸ್ತಾನದ ವಾಹಿನಿಗಳು ಆ ಮಾತನ್ನು ಎತ್ತಿಕೊಂಡೊಡನೆ ಇಲ್ಲಿ ಅದರ ಬಣ್ಣವೇ ಬೇರೆಯಾಯಿತು. ಯುದ್ಧ ಕೂಡದೆಂದು ತಾವು ಹೇಳಿಲ್ಲ, ಅದು ಕೊನೆಯ ಉಪಾಯವಾಗಿರಲಿ ಎಂದು ಅವರು ವಿವರಿಸಬೇಕಾಯಿತು. ಮೇ 7ರಂದು ನಮ್ಮ ಸೇನೆ ದಾಳಿ ನಡೆಸಿದ ದಿನ ರಾಜ್ಯ ಕಾಂಗ್ರೆಸ್ ಗಾಂಧೀಜಿಯವರ ಹೆಸರಿನಲ್ಲಿ ಶಾಂತಿಯ ಮಾತೊಂದನ್ನು ಪ್ರಕಟಿಸಿ, ಟೀಕೆಗೆ ಗುರಿಯಾಗಿ, ಅಳಿಸಿಹಾಕಿತು. ಅದೇ ಮಾತು ಅಕ್ಟೋಬರ್ 2ರಂದು ಬಂದಿದ್ದರೆ ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ. ಮೇ 10ರ ಸಂಜೆ 5 ಗಂಟೆಯಿಂದ ಕಾದಾಟ ನಿಲ್ಲಿಸಲು ಒಪ್ಪಿಗೆಯಾದಾಗ ಕೆಲವರಿಗೆ ಅದು ನೆಮ್ಮದಿ, ಕೆಲವರಿಗೆ ಅರ್ಧಕ್ಕೆ ಬಿಟ್ಟ ಕೆಲಸ.

ಹಿರಿಯ ವಾಚಕರಿಗೆ ಇದು ಹೊಸತಲ್ಲ. 1966ರ ಜನವರಿ 10ರ ತಾಷ್ಕೆಂಟ್ ಒಪ್ಪಂದದಂತೆ ಸೈನ್ಯಗಳು ಹಿಂದಿನ ಆಗಸ್ಟ್ 5ರ ನೆಲೆಗಳಿಗೆ ಮರಳಬೇಕಾಗಿತ್ತು. ನೆತ್ತರು ಸುರಿಸಿ ಗೆದ್ದ ಹಾಜಿ ಪೀರ್ ಕಣಿವೆ ನಮ್ಮ ಕೈಬಿಟ್ಟಿತು. ಅದನ್ನು ಒಪ್ಪದೆ ಸಚಿವ ಮಹಾವೀರ ತ್ಯಾಗಿಯವರು ರಾಜೀನಾಮೆಯಿತ್ತರು. ನನ್ನ ಭಾಷೆಯಲ್ಲಿ ಹೇಳುವುದಾದರೆ ಅದು ಲೋಪಸಂಧಿ. ಲೋಪವಾದ ಅಕ್ಷರ ಯಾರದೆಂಬುದೇ ಜಗಳ.

ಆ ಭಾನುವಾರ ಹರಿಹರಕ್ಕೆ ಹೋಗಿದ್ದೆ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿ. ಒಂದೇ ಮೂರ್ತಿಯಲ್ಲಿ ಬಲಕ್ಕೆ ಹರ, ಎಡಕ್ಕೆ ಹರಿ. ಸಾಮರಸ್ಯದ ನಿದರ್ಶನವೆಂದು ನಾವೆಲ್ಲ ಅದನ್ನು ತೋರಿಸುತ್ತೇವೆ. ಸ್ಥಳಪುರಾಣವಾದರೋ ಬೇರೆ ಹೇಳುತ್ತದೆ: ಹರಿಯಿಂದಲೂ ಹರನಿಂದಲೂ ಸಾವು ಬಾರದಂತೆ ವರ ಪಡೆದಿದ್ದ ಗುಹಾಸುರನನ್ನು ವಧಿಸಲೆಂದೇ ಇಬ್ಬರೂ ಒಂದಾದರು. ನಾವು ಶಾಂತಿಯೆಂದು ಕೈಮುಗಿಯುವ ರೂಪ ಮೊದಲಿಗೆ ಯುದ್ಧದ ಉಪಾಯ!

ಸೋಮವಾರ ಇದನ್ನು ಆ ಹುಡುಗನಿಗೆ ಹೇಳಿದೆ. ಕೊಂಚ ಹೊತ್ತು ಯೋಚಿಸಿ, “ಗುಹಾಸುರ ಸತ್ತ ಮೇಲೂ ಅವರು ಬೇರೆಯಾಗಲಿಲ್ಲವಲ್ಲ, ಸಾರ್?” ಎಂದ.