ಚಿನ್ನದ ಗಣಿಯವರ ಹೆಬ್ಬೆಟ್ಟು

ಗಿರಣಿಯ ಭೋಂಗಾ ಕೇಳಿ ಬೆಳೆದ ಗೋಕಾಕದವರಿಗೂ ನೆರೆಯ ಮೂಡಲಗಿ, ಹುಕ್ಕೇರಿಯವರಿಗೂ ಕಾಮಗಾರರ ಸಂಘವೆಂಬುದು ಹೊಸ ಮಾತಲ್ಲ. ೧೮೮೫ರಲ್ಲಿ ಸ್ಥಾಪಿತವಾದ ನಮ್ಮ ಗಿರಣಿಯು ಮುಂಬಯಿ ಇಲಾಖೆಗೆ ಸೇರಿದ್ದುದರಿಂದ, ಕಾಮಗಾರ ಸಂಘಗಳ ೧೯೨೬ರ ಕಾಯಿದೆಯು ಇಲ್ಲಿಯ ನೂಲುಗಾರನಿಗೆ ಅನ್ವಯಿಸುತ್ತಿತ್ತು. ಮೈಸೂರು ಸಂಸ್ಥಾನದ ಕೋಲಾರದ ಚಿನ್ನದ ಗಣಿಯಲ್ಲಿ ಪಾತಾಳಕ್ಕಿಳಿದು ದುಡಿಯುತ್ತಿದ್ದವರಿಗಾದರೋ ಅಂಥ ಶಾಸನದ ಆಶ್ರಯವು ಸಿಕ್ಕಿದ್ದು ೧೯೪೦ರ ದಶಕದಲ್ಲಿ.

೧೯೦೨ರಲ್ಲಿಯೇ ಶಿವನಸಮುದ್ರದಿಂದ ಆ ಗಣಿಗಳಿಗೆ ವಿದ್ಯುತ್ತು ಹರಿದಿತ್ತು. ಯಂತ್ರಕ್ಕೆ ತೋರಿದ ಈ ಆತುರವನ್ನು ಮನುಷ್ಯನಿಗೆ ಯಾರೂ ತೋರಲಿಲ್ಲ. ಕೂಲಿಗಳಲ್ಲಿ ಬಹುಪಾಲಿನವರು ತಮಿಳು ಸೀಮೆಯಿಂದ ಬಂದ ಆದಿದ್ರಾವಿಡರು. ಭೂಗರ್ಭದ ಧಗೆಯೂ ಬಂಡೆಗಳ ಸಿಡಿತವೂ ಅವರ ನಿತ್ಯದ ಪಾಲಾಗಿದ್ದುವು. ಆದರೂ ೧೯೩೦ರಲ್ಲಿ ಅವರು ಸಾವಿರ ಸಾವಿರವಾಗಿ ಕೆಲಸ ಬಿಟ್ಟು ನಿಂತುದು ಧಗೆಗಾಗಿ ಅಲ್ಲ. ಪ್ರತಿಯೊಬ್ಬನೂ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕೆಂಬ ಕಟ್ಟಳೆಗಾಗಿ.

ಇದು ಅಲ್ಪ ಕಾರಣವೆಂದು ಕೆಲವರಿಗೆ ತೋರಬಹುದು. ಇಂದು ನಮ್ಮ ಅಧಿಕಾರಿ ಮಹಾಶಯರೇ ಹಾಜರಿಯ ಯಂತ್ರಕ್ಕೆ ಬೆರಳೊಡ್ಡಿದ ಬಳಿಕವಲ್ಲವೇ ಕುರ್ಚಿಯಲ್ಲಿ ಕೂಡುವುದು? ಆದರೆ ಆ ಕಾಲದಲ್ಲಿ ಸರಕಾರವು ಬೆರಳಚ್ಚನ್ನು ಸಂಗ್ರಹಿಸುತ್ತಿದ್ದುದು ಮುಖ್ಯವಾಗಿ ಅಪರಾಧಿಗಳದ್ದು. ಹುಟ್ಟಿನಿಂದಲೇ ಅಪರಾಧಿಗಳೆಂದು ಹೆಸರಿಸಲ್ಪಟ್ಟ ಜಾತಿಗಳದ್ದು. ಹುಬ್ಬಳ್ಳಿಯ ಸೆಟ್ಲಮೆಂಟನ್ನು ಕಂಡ ನಾಡಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಿನ್ನವನ್ನು ಅಗೆದು ಕೊಡುವವನನ್ನೇ ಕಳ್ಳನೆಂದು ಬಗೆಯುವುದೇ ಎಂಬ ಸಂಕಟವು ಆ ಮುಷ್ಕರದೊಳಗಿತ್ತು. ಅಕ್ಷರ ಬಾರದವರಿಗೆ ಮಾನವೂ ತಿಳಿಯದೆಂದು ನಂಬಿದವರು ಆಗಲೂ ಇದ್ದರು, ಈಗಲೂ ಇದ್ದಾರೆ.

ಮುಂದಿನ ದಶಕದಲ್ಲಿ ಕೆ. ಎಸ್. ವಾಸನ್ ಮೊದಲಾದವರ ದುಡಿಮೆಯಿಂದ ಸಂಘವು ಬಲವಾಯಿತು. ೧೯೪೬ರ ನವೆಂಬರ್ ೪ರಂದು ಪೋಲೀಸರ ಗುಂಡಿಗೆ ಆರು ಮಂದಿ ಕಾಮಗಾರರು ಬಲಿಯಾದರು.

ಬ್ರಿಟನ್ನಿನ ಕಲ್ಲಿದ್ದಲು ಗಣಿಗಾರರು ೧೯೪೫ರಲ್ಲಿ ಒಂದೇ ರಾಷ್ಟ್ರೀಯ ಸಂಘವಾಗಿ ಕೂಡಿದರು. ೧೯೪೭ರ ಜನವರಿ ೧ರಂದು ಅಲ್ಲಿಯ ಗಣಿಗಳು ರಾಷ್ಟ್ರದ ಸ್ವತ್ತಾದುವು. ಅದೇ ಬ್ರಿಟಿಷರ ಕಂಪನಿಗಳು ಕೋಲಾರದ ಚಿನ್ನವನ್ನು ಮಾತ್ರ ೧೯೫೬ರವರೆಗೂ ತೆಗೆಯುತ್ತಲೇ ಇದ್ದುವು. ಸ್ವರಾಜ್ಯ ಬಂದ ಮೇಲೂ ಒಂಬತ್ತು ವರ್ಷ ತಡೆದುದರ ಹೊಣೆ ನಮ್ಮದೇ ಎಂಬುದನ್ನು ಒಪ್ಪಿಕೊಳ್ಳಬೇಕು.

ಆಳ ಹೆಚ್ಚಿದಂತೆ ವೆಚ್ಚ ಏರಿತು, ಅದಿರಿನಲ್ಲಿ ಚಿನ್ನದ ಅಂಶ ಇಳಿಯಿತು. ೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದುವು. ಸಂಘಗಳು ನ್ಯಾಯಾಲಯದ ಮೆಟ್ಟಲೇರಿದುವು. ಗಣಿಗಾರರ ಮಕ್ಕಳು ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ.